ಮೊಳದುದ್ದದ ಬಡಿಗೆ

ಅಹಲ್ಯಾ ಮೆಟ್ರೋ ಹತ್ತುವಾಗಲೆಲ್ಲ ಒಂದು ಸುಳ್ಳು ಹೇಳಬೇಕು. ಅವಳ ಚೀಲ ತಪಾಸಣೆಯ ಯಂತ್ರದೊಳಗೆ ಹೋಗಿ ಆಚೆ ಬರುವಷ್ಟರಲ್ಲಿ ಪಹರೆಯ ಹುಡುಗಿ ಕೈ ಅಡ್ಡ ಹಿಡಿಯುತ್ತಾಳೆ. "ಏಂಟಮ್ಮಾ ಇದಿ?" ಇದೇನಮ್ಮಾ ಎಂದು ತೆಲುಗಿನಲ್ಲಿ ಕೇಳುತ್ತಾಳೆ. "ಪಪ್ಪುಗುತ್ತಿ" ಅನ್ನುತ್ತಾಳೆ ಅಹಲ್ಯಾ. ಬೇಳೆ ಮಸೆಯುವ ಕೋಲು. ಐವತ್ತಮೂರು ವರ್ಷದ, ಕನ್ನಡಕ ಹಾಕಿದ, ಕಾಲೇಜು ಲೈಬ್ರರಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಹೆಂಗಸು ಬೇಳೆ ಮಸೆಯದೆ ಇನ್ನೇನು ಮಾಡಿಯಾಳು? ಹುಡುಗಿ ಬಿಟ್ಟುಬಿಡುತ್ತಾಳೆ. ಸುಳ್ಳು ನಡೆಯಿತಲ್ಲ ಎಂದು ಅಹಲ್ಯಾಳಿಗೆ ಸಮಾಧಾನವಾಗಬೇಕು. ಆಗುವುದಿಲ್ಲ, ಸಿಟ್ಟು ಬರುತ್ತದೆ. ಎಷ್ಟು ಸಲೀಸಾಗಿ ನಂಬಿಬಿಡುತ್ತಾರೆ!

ಚೀಲದಲ್ಲಿರುವುದು ಒಂದು ಮೊಳ ಉದ್ದದ ಗಟ್ಟಿ ಬಿದಿರಿನ ಬಡಿಗೆ. ಒಂದು ತುದಿ ಕೈಯಾಡಿ ಆಡಿ ನುಣ್ಣಗಾಗಿದೆ. ಇನ್ನೊಂದು ತುದಿಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿದೆ. ಆ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಅವಳೊಬ್ಬಳೇ ಬಾಗಿಲು ಹಾಕಿಕೊಂಡು ಬದಲಿಸುತ್ತಾಳೆ. ಅದರ ಕೆಳಗೆ ಏನಿದೆ ಎಂದು ಅವಳ ಶಿಷ್ಯೆಯರಲ್ಲಿ ಯಾರೂ ನೋಡಿಲ್ಲ.

ಶಿಷ್ಯೆಯರು ಇಪ್ಪತ್ತನಾಲ್ಕು ಜನ. ಕಾಚಿಗೂಡ ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ ಅವಳ ಅಪ್ಪನ ತಾಲೀಮು ಇದೆ. ತಾಲೀಮು ಅಂದರೆ ಗರಡಿಮನೆ. ಕೆಳಗೆ ಕೆಂಪು ಮಣ್ಣಿನ ಅಖಾಡ, ಅದರ ಮೇಲಿನ ಮಹಡಿಯಲ್ಲಿ ಮನೆ. ಹುಮನಾಬಾದದಿಂದ ರೈಲ್ವೆ ನೌಕರಿಗೆಂದು ಬಂದ ಕಲ್ಯಾಣಪ್ಪ ಐವತ್ತೈದು ವರ್ಷ ಅಲ್ಲಿ ಲಾಠಿ ಕಲಿಸಿದ್ದಾನೆ. ಈಗ ಅವನಿಗೆ ಎಂಬತ್ತನಾಲ್ಕು. ಗಲ್ಲಿಯವರೆಲ್ಲ ಅವನನ್ನು ಉಸ್ತಾದರು ಅನ್ನುತ್ತಾರೆ. ಕೈಕಾಲು ಉಳುಕಿದರೆ, ಎಲುಬು ಸರಿದರೆ ಆಸ್ಪತ್ರೆಗೆ ಹೋಗುವ ಮೊದಲು ಅವನ ಹತ್ತಿರ ಬರುವವರು ಇವತ್ತಿಗೂ ಇದ್ದಾರೆ.

ತಾಲೀಮಿನಲ್ಲಿ ಯಾರಿಗೆ ಯಾವ ಆಯುಧ ಇಷ್ಟ, ಯಾಕೆ ಇಷ್ಟ ಅನ್ನುವುದನ್ನು ಕೇಳಿದರೆ ಆ ಮನುಷ್ಯನ ಜಾತಕವೇ ಸಿಕ್ಕಿಬಿಡುತ್ತದೆ. ಕಲ್ಯಾಣಪ್ಪನಿಗೆ ಲಾಠಿ, ಅದೂ ನೆಲಕ್ಕೆ ಊರಿದರೆ ಕಿವಿಯ ತನಕ ಬರುವ ಲಾಠಿ. "ಎದುರಿನವ ಐದು ಹೆಜ್ಜಿ ದೂರ ನಿಂದ್ರತಾನ. ದೂರ ನಿಂತವಗ ವಿಚಾರ ಮಾಡಾಕ ಟೈಮ್ ಸಿಗತೈತಿ, ನನಗೂ ಸಿಗತೈತಿ" ಅನ್ನುತ್ತಿದ್ದ. ಆಟೋ ಓಡಿಸುವ ಮಲ್ಲಣ್ಣನಿಗೆ ಗದೆ. ದಿನವಿಡೀ ಹ್ಯಾಂಡಲ್ ಹಿಡಿದು ಬಿಗಿದುಕೊಂಡ ಹೆಗಲು ಗದೆ ತಿರುಗಿಸಿದರೆ ಸಡಿಲಾಗುತ್ತದಂತೆ. ಅದರಿಂದ ಯಾರನ್ನಾದರೂ ಹೊಡೆಯಬೇಕು ಅನ್ನುವ ವಿಚಾರ ಅವನಿಗೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ. ಕೂಕಟ್‌ಪಲ್ಲಿಯ ಪಿ.ಜಿ.ಯಲ್ಲಿದ್ದು ಕಂಪ್ಯೂಟರ್ ಕೆಲಸ ಮಾಡುವ ಮೈಸೂರಿನ ಕಾವ್ಯಾ ಬಂದ ಮೊದಲ ದಿನ ಸರಪಳಿ ಹಾಕಿದ ಎರಡು ತುಂಡು ಕೋಲು ತಂದಿದ್ದಳು, ಫೋನಿನಲ್ಲಿ ನೋಡಿ ಮೆಚ್ಚಿದ್ದು. ಎರಡನೇ ಸುತ್ತಿಗೇ ಅದು ಅವಳ ಹಣೆಗೆ ಬಡಿದು ನಿಂಬೆಹಣ್ಣಿನಷ್ಟು ಬುಗುಟಿ ಎದ್ದಿತು. ಅಹಲ್ಯಾ ನಗಲಿಲ್ಲ. ಐಸು ಕೊಟ್ಟು ಆ ಕೋಲನ್ನು ಕಿಟಕಿಯ ಮೇಲಿಟ್ಟಳು.

ಆಮೇಲೆ ನರಸಿಂಹ. ಅವನದು ತಲವಾರು. ಕಲ್ಯಾಣಪ್ಪನ ಶಿಷ್ಯರಲ್ಲೆಲ್ಲ ಹೆಸರು ಮಾಡಿದವನು ಅವನೇ. ಊರಲ್ಲಿ ಮೂರು ಕಡೆ ಅಕಾಡೆಮಿ ತೆಗೆದಿದ್ದಾನೆ. ಮೆರವಣಿಗೆ ಇರಲಿ, ಶ್ರೀಮಂತರ ಮದುವೆ ಇರಲಿ, ಕೇಸರಿ ರುಮಾಲು ಸುತ್ತಿಕೊಂಡು ಎಡಗೈಯಲ್ಲಿ ತಲವಾರು ಝಳಪಿಸುತ್ತಾನೆ. ಎಡಗೈ ಉಸ್ತಾದ ಎಂದೇ ಪೋಸ್ಟರು. "ತಲವಾರು ಮರ್ದಾನಗಿಯ ಗುರುತು" ಎಂದು ಮೈಕಿನಲ್ಲಿ ಹೇಳುತ್ತಾನೆ. ಗಂಡಸುತನವಂತೆ, ಮಣ್ಣಂಗಟ್ಟಿ. ತಲವಾರು ಹೊಳೆಯುತ್ತದೆ, ಕಟ್ಟಕಡೆಯ ಸಾಲಿನವರಿಗೂ ಕಾಣುತ್ತದೆ, ಎಲ್ಲರೂ ಫೋನು ಎತ್ತುತ್ತಾರೆ. ಅವನಿಗೆ ಅದು ಇಷ್ಟವಾಗಲು ಬೇರೆ ಕಾರಣ ಬೇಕಿಲ್ಲ.

"ಅಕ್ಕ, ನಿಮ್ಮದು ಯಾಕೆ ಇಷ್ಟು ಚಿಕ್ಕದು?" ಎಂದು ಕಾವ್ಯಾ ಬುಗುಟಿ ಒತ್ತಿಕೊಳ್ಳುತ್ತಲೇ ಕೇಳಿದ್ದಳು.

"ನಿನ್ನ ಹಿಡಿಯಾಂವ ಬಯಲಿನ್ಯಾಗ ನಿಂತು, ಸುತ್ತ ಜಾಗ ಬಿಟ್ಟು, ತಯಾರಾಗವಾ ಅಂತ ಹೇಳಿ ಹಿಡಿಯಂಗಿಲ್ಲ. ಲಿಫ್ಟಿನ್ಯಾಗ ಹಿಡಿತಾನ, ಶೇರ್ ಆಟೋದಾಗ ಹಿಡಿತಾನ, ಮೆಟ್ಟಲದಾಗ ಹಿಡಿತಾನ. ಅಲ್ಲಿ ಲಾಠಿ ತಿರುಗಂಗಿಲ್ಲ. ಇದು ತಿರುಗತೈತಿ" ಎಂದಳು ಅಹಲ್ಯಾ.

ಹೇಳಿದ್ದು ನಿಜ. ಆದರೆ ಅರ್ಧ. ಉಳಿದರ್ಧವನ್ನು ಅವಳು ಮೂವತ್ತೊಂದು ವರ್ಷದಿಂದ ನುಂಗಿಕೊಂಡಿದ್ದಾಳೆ.

ಆಗ ಅವಳಿಗೆ ಇಪ್ಪತ್ತೆರಡು. ಬರಕತ್‌ಪುರದ ಒಂದು ಛಾಪಖಾನೆಯಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ತಾಲೀಮಿನಲ್ಲಿ ಲಾಠಿ ಹಿಡಿದ ಹುಡುಗಿ ಅವಳೊಬ್ಬಳೇ, ಅದೂ ಉಸ್ತಾದರ ಮಗಳೆಂದು. ಒಂದು ಸಂಜೆ ಕಲ್ಯಾಣಪ್ಪ ಕೆಳಗಿನಿಂದ ಕೂಗಿ ತನ್ನ ಲಾಠಿ ತರಲು ಹೇಳಿದ. ಅವಳು ಲಾಠಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ನರಸಿಂಹ ಹತ್ತಿ ಬರುತ್ತಿದ್ದ. ಇಬ್ಬರೂ ಒಟ್ಟಿಗೆ ಹಾಯಲಾರದಷ್ಟು ಇಕ್ಕಟ್ಟಿನ ಮೆಟ್ಟಿಲು. ಅವನು ಪಕ್ಕಕ್ಕೆ ಸರಿಯಲಿಲ್ಲ. ಅವಳನ್ನು ಗೋಡೆಗೆ ಒತ್ತಿ ಬಾಯಿ ಮುಚ್ಚಿದ, ಇನ್ನೊಂದು ಕೈಯನ್ನು ಕುಪ್ಪಸಕ್ಕೆ ಹಾಕಿದ.

ಅವಳು ಕಲಿತಂತೆಯೇ ಲಾಠಿ ಬೀಸಿದಳು. ಒಂದು ತುದಿ ಗೋಡೆಗೆ ಬಡಿಯಿತು, ಇನ್ನೊಂದು ಕಟಕಟೆಯ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡಿತು. ಅವನು ನಕ್ಕ. ಆ ನಗು ಅವಳಿಗೆ ಇವತ್ತಿಗೂ ಕಿವಿಯಲ್ಲಿದೆ. ಲಾಠಿಯನ್ನು ಕಂಕುಳಲ್ಲಿ ಅವುಚಿ ಮೈಯನ್ನೇ ತಿರುವಿ ಒಂದು ಪಟ್ಟು ಹಾಕಿದ. ಹಿಡಿದವರ ಬೆರಳು ಮುರಿಯುವ ಪಟ್ಟು ಅದು. ಅಪಾಯದ ವಿದ್ಯೆ ಎಂದು ಕಲ್ಯಾಣಪ್ಪ ಅದನ್ನು ಒಬ್ಬನಿಗೆ ಮಾತ್ರ ಕಲಿಸಿದ್ದ, ಈ ನರಸಿಂಹನಿಗೆ. ಅಹಲ್ಯಾಳ ಎಡಗೈಯ ಎರಡು ಬೆರಳು ಮುರಿದವು. ಲಾಠಿಯೂ ಸೀಳಿ ಎರಡಾಯಿತು. ಬಲಗೈಯಲ್ಲಿ ಒಂದು ಮೊಳದ ತುಂಡು ಉಳಿಯಿತು. ಆ ತುಂಡಿನಿಂದ ಅವಳು ಅವನ ಬಲ ಮೊಣಕೈಗೆ ಬಾರಿಸಿದಳು. ಒಂದೇ ಏಟು. ಅವನು ಮೆಟ್ಟಿಲ ಮೇಲೆ ಕುಕ್ಕರಿಸಿ ಕುಳಿತ.

ಅದೇ ಸಂಜೆ ಕಲ್ಯಾಣಪ್ಪ ಇಬ್ಬರಿಗೂ ಎಲುಬು ಕಟ್ಟಿದ. ಮಗಳು ಮೆಟ್ಟಿಲಿನಿಂದ ಬಿದ್ದೆ, ಲಾಠಿ ಕಾಲಡಿ ಸಿಕ್ಕಿ ಮುರಿಯಿತು ಅಂದಳು. ಶಿಷ್ಯ ಸ್ಕೂಟರಿನಿಂದ ಬಿದ್ದೆ ಅಂದ. ಒಂದೇ ಬಟ್ಟಲಿನ ಅರಿಶಿಣ, ಸುಣ್ಣ, ಬೆಲ್ಲದ ಲೇಪ ಇಬ್ಬರಿಗೂ ಹಚ್ಚಿ, ಒಂದೇ ಬಿದಿರಿನಿಂದ ಸೀಳಿದ ಚಕ್ಕೆ ಇಟ್ಟು ಬಿಗಿದ. ಏನೂ ಕೇಳಲಿಲ್ಲ. ಕೇಳಿದ್ದು ಒಂದೇ, ಲಾಠಿಯ ಬಗ್ಗೆ. "ಲಾಠಿ ಸಂಬಾಳಿಸಾಕ ಬರಲಾರದಾಕಿ ಇನ್ನ ಮ್ಯಾಲ ಲಾಠಿ ಮುಟ್ಟಬ್ಯಾಡ" ಎಂದು ಎಂಟು ದಿನ ಒದರಾಡಿದ. ಉದ್ದದ ತುಂಡು ಬಚ್ಚಲೊಲೆಗೆ ಹೋಯಿತು. ಮೊಳದ ತುಂಡನ್ನು ಅಹಲ್ಯಾ ಸೀರೆಗಳ ನಡುವೆ ಬಚ್ಚಿಟ್ಟಳು.

ಯಾಕೆ ಹೇಳಲಿಲ್ಲ ಎಂದು ಕೇಳುವುದು ಸುಲಭ. ಹೇಳಿದ್ದರೆ ಮರುದಿನವೇ ಛಾಪಖಾನೆಯ ಕೆಲಸ ಬಿಡಿಸುತ್ತಿದ್ದರು, ತಿಂಗಳೊಳಗೆ ಯಾವನಿಗಾದರೂ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಮುಂದೆ ಮದುವೆಯಾಗಿ ತಾರ್ನಾಕಕ್ಕೆ ಹೋದ ಮೇಲೆ ಗಂಡ ಶಿವಪ್ರಕಾಶನಿಗೆ ಒಮ್ಮೆ ಹೇಳಿದಳು. ಅವನು ಒಳ್ಳೆಯ ಮನುಷ್ಯ. "ಆದದ್ದು ಆತು, ಬಿಡು" ಎಂದ. ಅವಳು ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಬಿಡಲು ಅದೇನು ಅವನ ಬೆರಳೇ?

ನರಸಿಂಹನ ಮೊಣಕೈ ನೆಟ್ಟಗಾಗಲಿಲ್ಲ. ಅವನು ತಲವಾರನ್ನು ಎಡಗೈಗೆ ಬದಲಿಸಿಕೊಂಡ, ಎಡಗೈಯ ಆಟವೇ ಅವನ ಹೆಸರಾಯಿತು. ಅವಳು ಕೊಟ್ಟ ಏಟಿನ ಮೇಲೆ ಅವನು ಮೂರು ಅಕಾಡೆಮಿ ಕಟ್ಟಿದ್ದಾನೆ ಎಂದು ನೆನೆದಾಗ ಅಹಲ್ಯಾಳ ತಲೆ ಸಿಡಿಯುತ್ತದೆ. ಆ ಸಿಟ್ಟಿನಲ್ಲೇ ಇಪ್ಪತ್ತೆರಡು ವರ್ಷದ ಹಿಂದೆ ತಾಲೀಮಿನ ಮೂಲೆಯೊಂದರಲ್ಲಿ ಹುಡುಗಿಯರಿಗೆ ಮೊಳದ ಬಡಿಗೆ ಕಲಿಸಲು ಶುರು ಮಾಡಿದಳು. ಕಲ್ಯಾಣಪ್ಪ ಬೇಡ ಅನ್ನಲಿಲ್ಲ. "ಹುಡುಗ್ಯಾರ ಆಟ, ಆಡ್ಲಿ" ಎಂದ. ಮನೆಯ ಮೆಟ್ಟಿಲ ಮೇಲೆಯೇ ಅವಳ ಮೊದಲ ಪಾಠ. ಒಬ್ಬಳು ಇಳಿಯಬೇಕು, ಒಬ್ಬಳು ಹತ್ತಬೇಕು. ಮೊಣಕೈ ಪಕ್ಕೆಗೆ ಅಂಟಿಸಿ ಮಣಿಕಟ್ಟಿನಿಂದ ಹೊಡೆಯಬೇಕು, ಗೋಡೆಗೆ ತಾಗಿತೋ ಮತ್ತೆ ಮೊದಲಿನಿಂದ.

ಈ ತಾಲೀಮಿನಲ್ಲಿ ಒಂದು ಪದ್ಧತಿ ಇದೆ. ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಗೆ, ಎಲ್ಲ ಆಯುಧಗಳನ್ನೂ ಒಂದು ಹಲಗೆಯ ಮೇಲೆ ಜೋಡಿಸುತ್ತಾರೆ. ಉಸ್ತಾದ ಮೊದಲ ಅರಿಶಿಣ ದಾರವನ್ನು ಯಾವ ಆಯುಧಕ್ಕೆ ಕಟ್ಟುತ್ತಾನೋ ತಾಲೀಮು ಆ ಆಯುಧದವರದು. ಇಷ್ಟು ವರ್ಷ ಕಲ್ಯಾಣಪ್ಪ ತನ್ನ ಲಾಠಿಗೇ ಕಟ್ಟಿಕೊಂಡ. ಇನ್ನೊಂದು ನಿಯಮವೂ ಇದೆ: ಮುರಿದ ಆಯುಧವನ್ನು ಹಲಗೆಯ ಮೇಲೆ ಇಡಬಾರದು, ಉಸ್ತಾದ ಅದನ್ನು ಕೈಯಿಂದ ಮುಟ್ಟಲೂ ಬಾರದು. ಹಾಗಾಗಿ ಅಹಲ್ಯಾಳ ಬಡಿಗೆ ಒಂದು ವರ್ಷವೂ ಆ ಹಲಗೆ ಕಂಡಿಲ್ಲ. ಮಲ್ಲಣ್ಣನ ಗದೆಗೆ ಕುಂಕುಮ ಹಚ್ಚಿದರು, ಆಟೋದ ನಟ್ಟು ಬಿಗಿಯುವ ಪಾನಾಕ್ಕೆ ಹಚ್ಚಿದರು, ತೆಂಗಿನಕಾಯಿ ಒಡೆಯುವ ಕತ್ತಿಗೂ ಹಚ್ಚಿದರು.

ಈ ವರ್ಷ ಗಣಪತಿ ಹಬ್ಬಕ್ಕೆ ಕಲ್ಯಾಣಪ್ಪ ಎಲ್ಲರೆದುರು ಹೇಳಿಬಿಟ್ಟ. "ನನ್ನ ಕೈ ನಡಗಾಕತ್ತೈತಿ. ಈ ಸಲ ದಾರ ನರಸಿಂಹನ ತಲವಾರಿಗೆ."

ನರಸಿಂಹ ಮರುವಾರದಿಂದಲೇ ಬರತೊಡಗಿದ. ಹಳೆಯ ತಾಲೀಮಿನ ಹೆಸರು ತನ್ನ ಅಕಾಡೆಮಿಗೆ ಸೇರಿದರೆ ತೂಕ ಬರುತ್ತದೆ ಅಂದ. ಹುಡುಗಿಯರ ಪಾಠವನ್ನು ತಾನೇ ತೆಗೆದುಕೊಳ್ಳುತ್ತೇನೆ ಅಂದ. ಕಾಲೇಜಿನ ಕೆಲಸದಿಂದ ಅಹಲ್ಯಾ ತಡವಾಗಿ ಬಂದ ಒಂದು ದಿನ ಅವನು ಕಾವ್ಯಾಳ ಕೈಗೆ ತಲವಾರು ಕೊಟ್ಟು ನಿಲ್ಲುವ ರೀತಿ ತಿದ್ದುತ್ತಿದ್ದ. ಅವನು ಹೋದ ಮೇಲೆ ಕಾವ್ಯಾ ಹತ್ತಿರ ಬಂದಳು. ಮುಖ ಕೆಂಪಾಗಿತ್ತು.

"ಅಕ್ಕ, ಅವರು ತಿದ್ದುವಾಗ ಕೈ ಎಲ್ಲೆಲ್ಲೋ ಇಡ್ತಾರೆ. ಅವರದೇ ಕ್ಲಾಸ್ ಆದ್ರೆ ನಾನು ಬರಲ್ಲ."

ಅಹಲ್ಯಾಳಿಗೆ ನೆತ್ತಿಯಿಂದ ಕಾಲಿನ ತನಕ ಉರಿ ಹತ್ತಿತು. ಮೊದಲು ಅವನ ಮೇಲೆ, ಆಮೇಲೆ ಅಪ್ಪನ ಮೇಲೆ. ಕೊನೆಗೆ ತನ್ನ ಮೇಲೆ. ತಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವನ ಕೈ ಇಷ್ಟು ವರ್ಷ ಎಷ್ಟು ಹುಡುಗಿಯರ ಮೈ ಮೇಲೆ ಆಡಿದೆಯೋ.

ಪೂಜೆಯ ಹಿಂದಿನ ದಿನ ಅಪ್ಪನೆದುರು ನಿಂತಳು. "ಅಪ್ಪಾ, ಅವನ ತಲವಾರಿಗೆ ದಾರ ಕಟ್ಟಬ್ಯಾಡ."

"ಯಾಕ?"

"ಹುಡುಗ್ಯಾರು ಇರೋ ಜಾಗಾದಾಗ ಅಂವ ಬ್ಯಾಡ."

"ಕಾರಣ ಹೇಳು."

ಇಪ್ಪತ್ತೆರಡರಲ್ಲಿ ಬಾರದ ಮಾತು ಐವತ್ತಮೂರರಲ್ಲೂ ಬರಲಿಲ್ಲ. ಕಲ್ಯಾಣಪ್ಪ ಕಾದು ನೋಡಿ, "ಮತ್ತ ಯಾವುದಕ್ಕ ಕಟ್ಟಲಿ? ನಿನ್ನ ಮುರುಕ ಬಡಿಗಿಗೇನು?" ಎಂದು ಗೋಡೆಯ ಕಡೆ ಹೊರಳಿ ಮಲಗಿದ.

ಮರುದಿನ ಬೆಳಿಗ್ಗೆ ತಾಲೀಮಿಗೆ ಚೆಂಡುಹೂವಿನ ಮಾಲೆ ಕಟ್ಟಿದ್ದರು. ಬಾಗಿಲಲ್ಲಿ ಬೂದುಗುಂಬಳ. ಹುಡುಗಿಯರು ಗೋಡೆಗುಂಟ ಸಾಲಾಗಿ ನಿಂತಿದ್ದರು, ಮಲ್ಲಣ್ಣ ಊದಿನಕಡ್ಡಿ ಹಚ್ಚುತ್ತಿದ್ದ. ಹಲಗೆಯ ಮೇಲೆ ಲಾಠಿ, ಗದೆ, ನಡುವೆ ಮಖಮಲ್ಲಿನ ಬಟ್ಟೆ ಹಾಸಿ ನರಸಿಂಹ ತನ್ನ ತಲವಾರು ಇಟ್ಟಿದ್ದ. ಕಲ್ಯಾಣಪ್ಪ ಕುರ್ಚಿಯಲ್ಲಿ ಕುಳಿತು ಅರಿಶಿಣ ದಾರ ಹೊಸೆಯುತ್ತಿದ್ದ.

ಅಹಲ್ಯಾ ಬಂದು ತಲವಾರಿನ ಪಕ್ಕದಲ್ಲಿ ತನ್ನ ಬಡಿಗೆ ಇಟ್ಟಳು. ಪಟ್ಟಿ ಬಿಚ್ಚಿ ತಂದಿದ್ದಳು. ಸೀಳಿದ ತುದಿ ಬತ್ತಲಾಗಿತ್ತು.

"ಅಹಲ್ಯಾ, ಮುರಿದದ್ದು ಇಡಬಾರದವಾ. ಅಪಶಕುನ" ಎಂದ ನರಸಿಂಹ, ದೊಡ್ಡ ಮನುಷ್ಯನ ದನಿಯಲ್ಲಿ.

"ತಗಿ ಅದನ್ನ" ಎಂದ ಕಲ್ಯಾಣಪ್ಪ.

"ನೀನೇ ತಗಿ ಅಪ್ಪಾ. ಮೂವತ್ತೊಂದು ವರ್ಷ ಮುಟ್ಟಿಲ್ಲ. ಇವತ್ತ ಕೈಲೆ ಮುಟ್ಟಿ ತಗಿ. ಆಮ್ಯಾಲ ನಿನಗ ಬೇಕಾದಲ್ಲಿ ದಾರ ಕಟ್ಟು."

ಕಲ್ಯಾಣಪ್ಪ ಮಗಳ ಮುಖ ನೋಡಿದ, ಅವಳ ಎಡಗೈಯ ಸೊಟ್ಟ ಬೆರಳು ನೋಡಿದ. ಬಗ್ಗಿ ಬಡಿಗೆ ಎತ್ತಿಕೊಂಡ. ಬಿಸಾಕಬೇಕೆಂದೇ ಎತ್ತಿದ್ದು. ಆದರೆ ಎಂಟು ದಶಕದ ಕೈ ಅದು, ಬಿದಿರು ಸಿಕ್ಕರೆ ಸುಮ್ಮನಿರುವುದಿಲ್ಲ. ಹೆಬ್ಬೆರಳು ತಾನೇ ಸೀಳಿನ ಮೇಲೆ ಹರಿದಾಡಿತು. ಕಾಲಡಿ ಸಿಕ್ಕಿ ಮುರಿದ ಬಿದಿರು ಅಡ್ಡಕ್ಕೆ ಮುರಿಯುತ್ತದೆ. ಗೋಡೆಗೆ ಬಡಿದದ್ದು ಚೂರುಚೂರಾಗುತ್ತದೆ. ಇದು ನುಲಿದುಕೊಂಡು ಸೀಳಿತ್ತು, ಹಿಂಡಿದ ಬಟ್ಟೆಯ ಹಾಗೆ. ಅವನ ಹೆಬ್ಬೆರಳು ಸೀಳಿನ ಜೊತೆ ಸುತ್ತಿ ಸುತ್ತಿ ತುದಿಗೆ ಬಂದು ನಿಂತಿತು.

"ಈ ಪಟ್ಟು ನೀ ಎಷ್ಟು ಮಂದಿಗೆ ಕಲಿಸಿದ್ದಿ ಅಪ್ಪಾ?"

ಅಹಲ್ಯಾ ಹುಡುಗಿಯರ ಕಡೆ ತಿರುಗಿದಳು.

"ಇದೇ ಮನಿ ಮೆಟ್ಟಲದಾಗ ಈ ನರಸಿಂಹ ನನ್ನ ಗ್ವಾಡಿಗೆ ಒತ್ತಿ ಬಾಯಿ ಮುಚ್ಚಿ ಮೈಮ್ಯಾಲ ಕೈ ಹಾಕಿದ. ನನ್ನ ಬೆರಳು ಮುರದ, ಅಪ್ಪನ ಲಾಠಿ ಮುರದ. ಉಳಿದ ತುಂಡಿಲೆ ನಾ ಅವನ ಮೊಣಕೈ ಮುರದೆ. ಅದಕ್ಕ ನನಗ ಗಿಡ್ಡ ಬಡಿಗಿ ಅಂದ್ರ ಪ್ರೀತಿ. ನೀವು ಕೇಳತಿದ್ರಿ, ನಾ ಅರ್ಧಾ ಹೇಳತಿದ್ದೆ."

"ವಯಸ್ಸಾತು, ತಲಿ ಕೆಟ್ಟೈತಿ" ಎಂದ ನರಸಿಂಹ, ನಗಲು ನೋಡಿ. "ಉಸ್ತಾದ್, ನಾ ಸ್ಕೂಟರ್ ಮ್ಯಾಲಿಂದ ಬಿದ್ದದ್ದು ನಿಮಗ ಗೊತ್ತೈತಲ್ಲ."

"ಬಲಗೈ ನೆಟ್ಟಗ ಚಾಚು" ಎಂದಳು ಅಹಲ್ಯಾ. "ಎಲ್ಲಾರೂ ನೋಡ್ಲಿ. ಆ ಏಟು ಎಲ್ಲಿ ಬಿತ್ತು, ಹ್ಯಾಂಗ ಬಿತ್ತು ನಾ ಬೆರಳಿಟ್ಟು ತೋರಸ್ತೀನಿ. ಎಲುಬು ಕಟ್ಟಿದವರು ಇಲ್ಲೇ ಕುಂತಾರ, ಸುಳ್ಳಿದ್ರ ಅವರು ಹೇಳ್ಲಿ."

ನರಸಿಂಹ ಕೈ ಚಾಚಲಿಲ್ಲ. ಬಲಗೈಯನ್ನು ಬೆನ್ನ ಹಿಂದೆ ಒಯ್ದ. ಇಪ್ಪತ್ತನಾಲ್ಕು ಹುಡುಗಿಯರೂ ಅದನ್ನು ನೋಡಿದರು. ಕಾವ್ಯಾ ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ನಿಂತಳು. "ನನ್ನ ಮೇಲೂ ಕೈ ಇಟ್ಟಿದ್ರು" ಎಂದಳು. ಸಾಲಿನಲ್ಲಿ ಇನ್ನೊಬ್ಬಳು ತಲೆ ಅಲ್ಲಾಡಿಸಿದಳು. ಮಲ್ಲಣ್ಣ ಊದಿನಕಡ್ಡಿ ಕೆಳಗಿಟ್ಟು ಎದ್ದು ನಿಂತ.

ಕಲ್ಯಾಣಪ್ಪ ನರಸಿಂಹನ ಮುಖ ನೋಡಲಿಲ್ಲ. "ನಿನ್ನ ತಲವಾರ ತಗೊ" ಎಂದ. "ಈ ಬಾಗಲದಾಗ ಇನ್ನ ಬರಬ್ಯಾಡ."

ನರಸಿಂಹ ಏನೋ ಹೇಳಹೊರಟ. ಮಲ್ಲಣ್ಣ ಒಂದು ಹೆಜ್ಜೆ ಮುಂದಿಟ್ಟ. ನರಸಿಂಹ ತಲವಾರನ್ನು ಮಖಮಲ್ಲಿನಲ್ಲಿ ಸುತ್ತಿಕೊಂಡು ಹೊರಬಿದ್ದ. ಬೂದುಗುಂಬಳ ಕಾಲಿಗೆ ತಾಗಿ ಉರುಳಿತು. ಅವನು ತಿರುಗಿ ನೋಡಲಿಲ್ಲ.

ಇಷ್ಟಕ್ಕೆ ಅಹಲ್ಯಾಳ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಇಷ್ಟು ವರ್ಷ ಅವಳನ್ನು ಕೊರೆದದ್ದು ಇನ್ನೊಂದು ಪ್ರಶ್ನೆ. ಅಪ್ಪನ ಕುರ್ಚಿಯ ಮುಂದೆ ಬಂದು ನಿಂತಳು.

"ಒಂದೇ ಸಂಜೀಗೆ ಇಬ್ಬರಿಗೂ ಕಟ್ಟಿದಿ. ಎಲುಬು ಮುಟ್ಟಿ ಬಿದ್ದದ್ದೋ ಬಡದದ್ದೋ ಅಂತ ಊರ ಮಂದಿಗೆಲ್ಲ ಹೇಳತಿದ್ದಿ. ನಮ್ಮಿಬ್ಬರದು ನಿನಗ ಗೊತ್ತಾಗಲಿಲ್ಲೇನು?"

ಕಲ್ಯಾಣಪ್ಪ ಬಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡ.

"ಗೊತ್ತಾತು" ಎಂದ. "ನಿನ್ನ ಬೆರಳು ಹಿಡಿದ ಕೂಡಲೆ ಕೈಗೆ ಗೊತ್ತಾತು. ಬಾಯಿಲೆ ಕೇಳಲಿಲ್ಲ. ಕೇಳಿದ್ರ ಅವನ್ನ ಹೊರಗ ಹಾಕಬೇಕಾಗತಿತ್ತು. ಅವನಂಥ ಕೈ ನನ್ನ ತಾಲೀಮಿನ್ಯಾಗ ಇನ್ನೊಂದು ಇರಲಿಲ್ಲ."

"ನಂದಿತ್ತು" ಎಂದಳು ಅಹಲ್ಯಾ.

ಅವನು ತಲೆ ತಗ್ಗಿಸಿದ. ಅರಿಶಿಣ ದಾರ ಎತ್ತಿಕೊಂಡು ಬಡಿಗೆಯ ಸೀಳಿದ ತುದಿಗೆ ಸುತ್ತತೊಡಗಿದ. ಕೈ ನಡುಗಿ ದಾರ ಜಾರಿತು. ಮತ್ತೆ ಸುತ್ತಿದ, ಮತ್ತೆ ಜಾರಿತು. ಮೂರನೇ ಸಲ ಸೀಳು ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಬಂತು. ಕಾವ್ಯಾ ತಡೆಯಲಾರದೆ ದಾರ ಹಿಡಿಯಲು ಬಗ್ಗಿದಳು.

ಅಹಲ್ಯಾ ಅವಳ ಭುಜ ಹಿಡಿದು ಹಿಂದಕ್ಕೆ ಎಳೆದಳು. "ಬಿಡು" ಎಂದಳು. "ಅವರೇ ಕಟ್ಲಿ."

ಊದಿನಕಡ್ಡಿ ಪೂರ್ತಿ ಉರಿದು ಬೂದಿಯಾಯಿತು. ಸ್ಟೇಶನ್ನಿನಲ್ಲಿ ಒಂದು ಗಾಡಿ ಬಂದು ನಿಂತು ಹೊರಟುಹೋಯಿತು. ಮುದುಕ ಬಾಗಿ ಕುಳಿತು ಗಂಟು ಹಾಕುತ್ತಲೇ ಇದ್ದ. ಅವಳು ಎದುರಿಗೇ ನಿಂತಿದ್ದಳು, ಸೊಟ್ಟ ಬೆರಳಿನ ಕೈ ಸೊಂಟದ ಮೇಲಿಟ್ಟುಕೊಂಡು, ಗಂಟು ಬೀಳುವ ತನಕ.